ಬೊಳ್ಳು, ಜೂಲಿ ಮತ್ತು ಹನ್ನೆರಡು ಸೆಂಟ್ಸ್ ಬೇಲಿ

ನಮ್ಮ ಜೂಲಿ ಲಿಫ್ಟನ್ನು ಮನೆಯದ್ದೇ ಒಂದು ಕೋಣೆ ಅಂತ ತಿಳಿದುಕೊಂಡವಳು. ಬೆಳಿಗ್ಗೆ ಐದೂವರೆಗೆ ನಾನು ಮೊಳೆಯಿಂದ ಬೆಲ್ಟ್ ತೆಗೆದ ಸದ್ದಾದರೆ ಸಾಕು, ಹೋಗಿ ಲಿಫ್ಟಿನ ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಒಂಬತ್ತು ವರ್ಷದ ಲ್ಯಾಬ್ರಡಾರ್, ಸೊಂಟ ಸರಿ ಇಲ್ಲ, ನಾಲ್ಕು ಮಾಳಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಬೊಳ್ಳು ಹಾಗಲ್ಲ. ಅವನು ಮಂಗಳೂರಿನ ಬಿಜೈಯಲ್ಲಿ ಮೀನು ಮಾರುವವರ ಬುಟ್ಟಿಗಳ ನಡುವೆ ಸಿಕ್ಕಿದ ಊರ ನಾಯಿ. ತುಳುವಿನ ‘ಬೊಳ್ದು’ ಅಂದರೆ ಬಿಳಿ, ಅದರಿಂದ ಬಂದ ಹೆಸರು. ನಿಜಕ್ಕೆ ಅವನದು ಹಾಲು ಜಾಸ್ತಿಯಾದ ಚಾದ ಬಣ್ಣ. ಲಿಫ್ಟ್ ಕಂಡರೆ ಅವನಿಗೆ ಆಗದು. ಹಾಗಾಗಿ ಆರು ವರ್ಷದಿಂದ ದಿನಾ ಬೆಳಿಗ್ಗೆ ನಾನು ಜೂಲಿಯ ಜೊತೆ ಲಿಫ್ಟಿನಲ್ಲಿ, ನಮ್ಮವರು ಬೊಳ್ಳುವಿನ ಜೊತೆ ಮೆಟ್ಟಿಲಿನಲ್ಲಿ, ಕೆಳಗೆ ವಾಚ್‌ಮನ್‌ನ ಕುರ್ಚಿಯ ಹತ್ತಿರ ನಾಲ್ವರ ಭೇಟಿ.

ಕಳೆದ ವರ್ಷ ಅಮ್ಮನ ಕಡೆಯ ಆಸ್ತಿ ಪಾಲಾಯಿತು. ಕಾರ್ಕಳದಿಂದ ಒಳಗೆ ಹನ್ನೆರಡು ಕಿಲೋಮೀಟರ್, ಹಳೆಯ ಹಂಚಿನ ಮನೆ, ಸುತ್ತ 1 ಎಕರೆ 20 ಸೆಂಟ್ಸ್ ಜಾಗ ನನ್ನ ಹೆಸರಿಗೆ ಬಂತು. ವಿಮಾ ಕಚೇರಿಯ ಕೆಲಸದಿಂದ ನಾನು ಅಷ್ಟರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡಾಗಿತ್ತು. ಹೋಗುವ ಅಂತ ಇಬ್ಬರೂ ನಿಶ್ಚಯ ಮಾಡಿದೆವು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: “ಒಳ್ಳೆಯದಾಯಿತು ಮಾರಾಯ್ತಿ, ಅಲ್ಲಿ ನಾಯಿಗಳನ್ನು ಬಿಟ್ಟುಬಿಡಬಹುದು.”

ನಾನೂ ಹಾಗೆಯೇ ನಂಬಿದ್ದೆ. ಒಂದು ವರ್ಷ ಸಿದ್ಧತೆ ಮಾಡಿದ ಮೇಲೆ ಗೊತ್ತಾದದ್ದೇನೆಂದರೆ, ಊರಿನಲ್ಲಿ ಮಾಡಬಾರದ ಮೊದಲ ಕೆಲಸವೇ ಅದು.

ಪೇಟೆಯ ದಿನಚರಿ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಹೋಗುವುದು ಯಾವುದರಿಂದ ಅಂತ ಗೊತ್ತಿರಬೇಕು. ಮಂಗಳೂರಿನ ಫ್ಲ್ಯಾಟಿನಲ್ಲಿ ನಾಯಿ ಸಾಕುವುದೆಂದರೆ ಮಳೆಗಾಲದ ನಾಲ್ಕು ತಿಂಗಳು ಬೈರಾಸು (ಟವೆಲ್) ಒಗೆಯುವುದು. ದಿನಕ್ಕೆ ಮೂರು ಸಲ ಹೊರಗೆ, ಮೂರು ಸಲ ಎಂಟು ಕಾಲು ಒರೆಸುವುದು, ಬೆರಳ ಸಂದಿನಲ್ಲಿ ತೇವ ನಿಂತರೆ ಫಂಗಸ್. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಅದಕ್ಕೆ ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವಷ್ಟು ಬೇಯಿಸಿದ ಬೂತಾಯಿ ಮೀನು, ಉಪ್ಪು ಖಾರ ಇಲ್ಲದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಬೂತಾಯಿಯ ರೇಟು ಕೇಳಿದರೆ ಮನುಷ್ಯರೇ ತಿನ್ನುವುದು ಬಿಡಬೇಕು. ನಾಯಿಗಳಿಗೆ ಮೊಟ್ಟೆ, ಕೋಳಿಯ ಲಿವರ್. ಒಣಮೀನು ಹಾಕಿ ನೋಡಿದವರಿದ್ದಾರೆ. ಅದರ ಉಪ್ಪು ನಾಯಿಗೆ ಒಳ್ಳೆಯದಲ್ಲ, ನೀರಲ್ಲಿ ಎಷ್ಟು ನೆನೆಸಿದರೂ ನನಗೆ ಧೈರ್ಯ ಬರಲಿಲ್ಲ. ಇನ್ನು ಅಸೋಸಿಯೇಷನ್ ಮೀಟಿಂಗು. ನಾಯಿ ಸಾಕುವುದನ್ನು, ಲಿಫ್ಟಿನಲ್ಲಿ ಕರೆದುಕೊಂಡು ಹೋಗುವುದನ್ನು ಅಸೋಸಿಯೇಷನ್ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಅದರ ಪ್ರತಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಮೂರು ಸಲ ತೆಗೆದು ತೋರಿಸಿದ್ದೇನೆ. ನಾಲ್ಕನೆಯ ಸಲ ಬೇಡ ಅನ್ನಿಸಿತು.

ನಾನು ಮಾಡಿದ ಒಳ್ಳೆಯ ಕೆಲಸ ಒಂದೇ: ಒಮ್ಮೆಲೇ ಗಂಟುಮೂಟೆ ಕಟ್ಟಲಿಲ್ಲ. ಕಾಲಕ್ಕೊಂದು ಸಲ ಹೋಗಿ ನಾಲ್ಕೈದು ದಿನ ಇದ್ದು ಬಂದೆವು. ಜನವರಿ, ಮೇ, ಜುಲೈ, ಅಕ್ಟೋಬರ್. ಜನವರಿಯಲ್ಲಿ ಮಾತ್ರ ನೋಡಿ ಬಂದಿದ್ದರೆ ನಮ್ಮ ಕಥೆ ಬೇರೆಯೇ ಆಗುತ್ತಿತ್ತು. ಜನವರಿಯಲ್ಲಿ ಎಲ್ಲಾ ಊರೂ ಚಂದ.

ಜನವರಿಯ ಮೊದಲ ಸಂಜೆ ಪಕ್ಕದ ತೋಟದ ಅಣ್ಣ ಬಂದು ಜಗಲಿಯಲ್ಲಿ ಕೂತರು. ಎಲೆ ಅಡಿಕೆ ಹಾಕಿಕೊಂಡು, ಎರಡು ನಾಯಿಗಳನ್ನೂ ಮೇಲಿಂದ ಕೆಳಗೆ ನೋಡಿ, ಮೊದಲು ಕೇಳಿದ್ದು ಜಾತಿಯಲ್ಲ, ವಯಸ್ಸಲ್ಲ. “ಅಕ್ಕ, ರಾತ್ರಿ ಇವು ಎಲ್ಲಿ ಮಲಗುತ್ತವೆ?”

“ಜಗಲಿಯಲ್ಲಿ. ಚೈನ್ ಹಾಕಿ.”

“ನಮ್ಮದೂ ಹಾಗೇ ಇತ್ತು. ಬೆಳಿಗ್ಗೆ ನೋಡುವಾಗ ಚೈನ್ ಮಾತ್ರ.”

ಚಿರತೆ. ಕಾರ್ಕಳ, ಹೆಬ್ರಿ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಘಟ್ಟದ ಬುಡದ ಊರುಗಳಲ್ಲಿ ಚಿರತೆ ಬಾವಿಗೆ ಬಿದ್ದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದು ಬಾವಿಗೆ ಬೀಳುವುದು ಹೆಚ್ಚಾಗಿ ನಾಯಿಯನ್ನೋ ಕೋಳಿಯನ್ನೋ ಅಟ್ಟಿಸಿಕೊಂಡು ಬಂದಾಗ. ಮನೆ ಹತ್ತಿರ ಬರುವ ಚಿರತೆಗೆ ನಾಯಿಯಷ್ಟು ಸುಲಭದ ಊಟ ಇನ್ನೊಂದಿಲ್ಲ, ಕಟ್ಟಿದ ನಾಯಿಯಾದರೆ ಓಡಲೂ ಆಗುವುದಿಲ್ಲ. ನಾನು ಹುಟ್ಟಿ ಬೆಳೆದ ಮನೆ ಅದು, ಚಿಕ್ಕಂದಿನಲ್ಲಿ ನಮ್ಮ ಎರಡು ನಾಯಿ “ಹುಲಿ ಕೊಂಡು ಹೋಯಿತು” ಅಂತ ಅಜ್ಜಿ ಹೇಳಿದ್ದೂ ನೆನಪಿದೆ. ಆದರೂ ಮರೆತಿದ್ದೆ. ಮೂವತ್ತು ವರ್ಷ ಪೇಟೆಯಲ್ಲಿದ್ದರೆ ಹೀಗಾಗುತ್ತದೆ. ಆ ರಾತ್ರಿ ಇಬ್ಬರೂ ಒಳಗೆ, ನಮ್ಮ ಮಂಚದ ಕೆಳಗೆ. ಹೊರಗೆ ತರಗೆಲೆ ಸರಿದರೂ ನನಗೆ ಎಚ್ಚರ.

ಮೂರನೆಯ ದಿನ ಹುಂಜದ ಪ್ರಕರಣ. ಬೊಳ್ಳುವನ್ನು ಬೆಳಿಗ್ಗೆ ಅಂಗಳದಲ್ಲಿ ಬಿಟ್ಟು ನಾನು ಚಾ ಕುಡಿಯಲು ಒಳಗೆ ಹೋದೆ. ಐದು ನಿಮಿಷ. ತೋಟದ ತಡಮೆ ದಾಟಿ ಹೋಗಿ, ಬಾಯಿತುಂಬ ಕೆಂಪು ಗರಿ ಇಟ್ಟುಕೊಂಡು ಬಂದು ನನ್ನ ಕಾಲ ಬುಡದಲ್ಲಿ ಬಹುಮಾನದ ಹಾಗೆ ಇಟ್ಟ. ಹಿಂದೆಯೇ ಅದರ ಯಜಮಾನ. ನಾನು ಊರ ಕೋಳಿಯ ರೇಟು ಅಂದಾಜು ಮಾಡಿ ಪರ್ಸ್ ತೆಗೆದೆ.

“ಅಕ್ಕ, ಇದು ಸಾರಿಗೆ ಹಾಕುವ ಕೋಳಿ ಅಲ್ಲ. ಅಂಕದ ಹುಂಜ.”

ತುಳುನಾಡಿನಲ್ಲಿ ಅಂಕದ, ಅಂದರೆ ಕೋಳಿ ಕಾಳಗದ ಹುಂಜಕ್ಕೆ ಮನೆಯ ಮಗನಿಗಿಂತ ಹೆಚ್ಚು ಉಪಚಾರ ನಡೆಯುತ್ತದೆ. ಬಣ್ಣ, ನಕ್ಷತ್ರ ನೋಡಿ ಅದನ್ನು ಕಣಕ್ಕೆ ಇಳಿಸುತ್ತಾರೆ. ಅದರ ಬೆಲೆ ಎಷ್ಟು ಅಂತ ನಾನಿಲ್ಲಿ ಬರೆಯುವುದಿಲ್ಲ, ನಮ್ಮವರಿಗೆ ಈಗಲೂ ಪೂರ್ತಿ ಲೆಕ್ಕ ಹೇಳಿಲ್ಲ. ಕೋಳಿಅಂಕ ಕಾನೂನಿಗೆ ವಿರುದ್ಧ ಅಲ್ವಾ ಅಂತ ವಾದ ಮಾಡಬಹುದಿತ್ತು. ಆದರೆ ಮುಂದೆ ಅದೇ ಊರಲ್ಲಿ ಬದುಕಬೇಕಾದವಳು ನಾನು. ಕೊಟ್ಟೆ. ಆ ಜನ ಅಷ್ಟೇ ಮರ್ಯಾದೆಯಿಂದ ಹಣ ಎಣಿಸದೆ ಕಿಸೆಗೆ ಹಾಕಿ, ಹುಂಜವನ್ನು ಕಾಲು ಹಿಡಿದು ಎತ್ತಿಕೊಂಡು ಹೋದರು. ಮಧ್ಯಾಹ್ನ ಅವರ ಮನೆಯಿಂದ ಕೋಳಿ ಸುಕ್ಕದ ಪರಿಮಳ ಬಂತು. ಸಾರಿಗೂ ಆಯಿತು ಅಂತಾಯಿತು.

ಬೇಲಿಯ ಯೋಚನೆ ಹುಟ್ಟಿದ್ದು ಚಿರತೆಯಿಂದಲ್ಲ, ಈ ಹುಂಜದಿಂದ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಐದು ಅಡಿಯ ಬೇಲಿ ಚಿರತೆಗೆ ಲೆಕ್ಕಕ್ಕೇ ಇಲ್ಲ, ಬೆಕ್ಕು ಹಾರಿದ ಹಾಗೆ ಹಾರುತ್ತದೆ. ಬೇಲಿ ನಾಯಿಯನ್ನು ಒಳಗೆ ಇಡಲಿಕ್ಕೆ. ಚಿರತೆಗೆ ಉತ್ತರ ರಾತ್ರಿಯ ಕೋಣೆ. ಎರಡನ್ನೂ ಒಂದೇ ಅಂದುಕೊಂಡು ದೊಡ್ಡ ಬೇಲಿ ಹಾಕಿಸಿ, ನಾಯಿಯನ್ನು ರಾತ್ರಿ ಬೇಲಿಯ ಒಳಗೆ ಬಿಟ್ಟು ನಿಶ್ಚಿಂತೆಯಾಗಿ ಮಲಗಿದವರನ್ನು ನಾನು ಕಂಡಿದ್ದೇನೆ.

ನನ್ನ ಮೊದಲ ಲೆಕ್ಕ ಇಡೀ ಜಾಗಕ್ಕೆ ಸುತ್ತು ಬೇಲಿ. 120 ಸೆಂಟ್ಸ್ ಅಂದರೆ ಐವತ್ತೆರಡು ಸಾವಿರ ಚದರಡಿ, ಜಾಗ ಚೌಕವಾಗಿದ್ದರೂ ಸುತ್ತಳತೆ ಒಂಬೈನೂರು ಅಡಿ ದಾಟುತ್ತದೆ. ನಮ್ಮದು ಉದ್ದಕ್ಕೆ ಹಾವಿನ ಹಾಗೆ ಇದೆ, ಸಾವಿರದ ಮೇಲೆ. ಬೇಲಿಯವನು ಅಡಿಗೆ ಇಷ್ಟು ಅಂತ ಹೇಳುತ್ತಾ ಹೋದಂತೆ ನಮ್ಮವರು ಕುರ್ಚಿಯಿಂದ ಎದ್ದು ನೀರು ಕುಡಿಯಲು ಹೋದರು. ಮೇಲಿನಿಂದ ಕುಮ್ಕಿಯ ತೊಡಕು ಬೇರೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಯವರಿಗೆ ಗೊತ್ತಿರುತ್ತದೆ: ವರ್ಗ (ಪಟ್ಟಾ) ಜಾಗಕ್ಕೆ ಹೊಂದಿಕೊಂಡು ನೂರು ಗಜದೊಳಗಿನ ಕುಮ್ಕಿ ಸರ್ಕಾರದ್ದು, ನಮಗಿರುವುದು ಸೊಪ್ಪು ಸೌದೆಯಂಥ ಸವಲತ್ತು ಮಾತ್ರ. ತಲೆತಲಾಂತರದಿಂದ “ನಮ್ಮ ಗುಡ್ಡೆ” ಅಂತ ಕರೆಯುತ್ತಿದ್ದ ಮೇಲಿನ ಜಾಗ ನಮ್ಮದಲ್ಲ ಅಂತ ಸರ್ವೆಯರ್ ಬಂದು ಕಲ್ಲು ತೋರಿಸಿದಾಗಲೇ ತಿಳಿದದ್ದು. ಅಲ್ಲಿ ಕಂಬ ಊರಿದ್ದರೆ ನಾಳೆ ಯಾರೋ ಒಬ್ಬರು ಅರ್ಜಿ ಕೊಡುತ್ತಾರೆ. ಬೇಲಿ ಹಾಕುವ ಮೊದಲು ಅಳತೆ ಮಾಡಿಸಿ. ಪಹಣಿಯಲ್ಲಿರುವ ವಿಸ್ತೀರ್ಣಕ್ಕೂ ಅಜ್ಜಿ ಕೈ ತೋರಿಸಿದ ವಿಸ್ತೀರ್ಣಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಕೊನೆಗೆ ಇಳಿದದ್ದು ಮನೆ, ಅಂಗಳ, ಹಿತ್ತಿಲು ಸೇರಿ ಹನ್ನೆರಡು ಸೆಂಟ್ಸಿಗೆ. ಸುತ್ತ ಮುನ್ನೂರು ಅಡಿ ಚಿಲ್ಲರೆ. ಸಿಮೆಂಟು ಕಂಬ, ಐದು ಅಡಿಯ ಚೈನ್‌ಲಿಂಕ್ ಬಲೆ, ಬುಡದಲ್ಲಿ ಕೆಂಪುಕಲ್ಲಿನ ಒಂದು ವರಸೆ. ಬುಡದ ಕಲ್ಲು ಬೇಡ, ದುಡ್ಡು ದಂಡ ಅಂತ ಬೇಲಿಯವನು ಹೇಳಿದ್ದ. ಬೊಳ್ಳು ಬಲೆಯ ಕೆಳಗೆ ಹತ್ತು ನಿಮಿಷದಲ್ಲಿ ಅಗೆದು ಆಚೆ ಹೋಗುವುದನ್ನು ಅವನ ಕಣ್ಣೆದುರೇ ತೋರಿಸಿದೆ. ಆಮೇಲೆ ಕಲ್ಲು ಬಂತು. ಗೇಟು ಎರಡು, ಒಂದರ ಹಿಂದೆ ಒಂದು, ನಡುವೆ ನಾಲ್ಕು ಅಡಿ. ಮೀನಿನವನೋ ಅಂಚೆಯವನೋ ಹೊರಗಿನದನ್ನು ತೆರೆದಿಟ್ಟರೂ ಒಳಗಿನದು ಮುಚ್ಚಿರುತ್ತದೆ. ಊರವರಿಗೆ ಇದು ದೊಡ್ಡ ತಮಾಷೆ. ‘ಜೈಲು ಮನೆ’ ಅಂತ ಹೆಸರೂ ಬಿದ್ದಾಗಿದೆ.

ಮೂಲೆಯಲ್ಲಿ ನಾಗಬನ ಇದೆ. ಅದನ್ನು ಬೇಲಿಯ ಹೊರಗೆ ಬಿಟ್ಟು, ಅದಕ್ಕೆ ಹೋಗುವ ದಾರಿಯನ್ನೂ ಹೊರಗಿನಿಂದಲೇ ಇಟ್ಟೆವು. ವರ್ಷಕ್ಕೊಮ್ಮೆ ನಾಗನ ತಂಬಿಲ ಪೂಜೆಗೆ ಕುಟುಂಬದವರೆಲ್ಲ ಬರುತ್ತಾರೆ. ಬನದೊಳಗೆ ನಾಯಿ ಹೋಯಿತು ಅಂತ ಒಂದು ಮಾತು ಎದ್ದರೆ ಶುದ್ಧ, ಪ್ರಶ್ನೆ, ಪ್ರಾಯಶ್ಚಿತ್ತ ಅಂತ ಎಲ್ಲಿಗೋ ಹೋಗುತ್ತದೆ. ನನ್ನ ನಂಬಿಕೆ ಎಷ್ಟು ಅನ್ನುವುದು ಬೇರೆ ಮಾತು. ಆ ಬನದಲ್ಲಿ ನೂರಾರು ವರ್ಷದಿಂದ ಕತ್ತಿ ತಾಗದ ಮರಗಳಿವೆ, ತರಗೆಲೆ ಮೊಣಕಾಲೆತ್ತರ ಇದೆ, ಹಾವುಗಳಂತೂ ಇದ್ದೇ ಇವೆ. ನಾಯಿ ಅಲ್ಲಿಗೆ ಹೋಗದಿರುವುದು ನಾಯಿಗೂ ಕ್ಷೇಮ.

ರಾತ್ರಿಯ ಕೋಣೆಗೆ ಹಳೆಯ ಒಕ್ಕಲ ಸಾಮಾನಿನ ಕೋಣೆ ಆಯಿತು. ಕಿಟಕಿಗೆ ದಪ್ಪ ಸರಳಿನ ಗ್ರಿಲ್, ಒಳಗಿನಿಂದ ನಮ್ಮ ಮಲಗುವ ಕೋಣೆಗೆ ಬಾಗಿಲು. ಸಂಜೆ ಆರೂವರೆಗೆ ಇಬ್ಬರೂ ಒಳಗೆ, ಮತ್ತೆ ರಾತ್ರಿ ಹೊರಗೆ ಹೋಗಬೇಕಾದರೆ ಬೆಲ್ಟ್ ಹಾಕಿ, ಟಾರ್ಚ್ ಹಿಡಿದು, ಜೊತೆಗೆ ಒಬ್ಬರು. ಬೆಳಕು ಹರಿಯುವವರೆಗೆ ಬಿಡುವುದಿಲ್ಲ. “ನಾಯಿಗ್ ಪ್ರತ್ಯೇಕ ಕೋಣೆಯಾ?” ಅಂತ ಅತ್ತಿಗೆ ನಕ್ಕರು. ನಗಲಿ.

ಮೇ ತಿಂಗಳಲ್ಲಿ ಹೋದಾಗ ಕಲಿತದ್ದು ಬೇರೆಯೇ ಪಾಠ, ಮತ್ತು ಇದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅಡಿಕೆಗೆ ಮದ್ದು ಬಿಡುವ ಕಾಲ. ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಹೊಡೆದದ್ದು ಗೊನೆಯಲ್ಲೇ ನಿಲ್ಲುತ್ತದೆಯೇ? ಹುಲ್ಲಿಗೆ, ಕಣಿಯ ನೀರಿಗೆ, ಬಿದ್ದ ಹಾಳೆಗೆ ನೀಲಿಯಾಗಿ ತೊಟ್ಟಿಕ್ಕುತ್ತದೆ. ಮೈಲುತುತ್ತು ಅಂದರೆ ತಾಮ್ರದ ಲವಣ, ನಾಯಿಯ ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಲಿವರಿಗೇ ಪೆಟ್ಟು. ನಮ್ಮ ಜೂಲಿ ಜಗತ್ತನ್ನು ನಾಲಗೆಯಿಂದ ತಿಳಿದುಕೊಳ್ಳುವವಳು. ಡ್ರಮ್ಮಿನ ಹತ್ತಿರ ಚೆಲ್ಲಿದ್ದ ನೀಲಿ ನೀರಿನ ಗುಂಡಿಯ ಕಡೆ ಅವಳು ಸೊಂಟನೋವು ಮರೆತು ಓಡಿದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಬಾಯಿ ಹಾಕುವ ಮೊದಲೇ ಹಿಡಿದೆ. ಈಗ ಮದ್ದು ಬಿಡುವವರ ತಾರೀಕು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ, ಪಕ್ಕದ ತೋಟದ್ದೂ ಸೇರಿ. ಆ ದಿನ, ಅದರ ಮಾರನೆಯ ದಿನ ನಾಯಿಗಳು ಬೇಲಿಯ ಒಳಗೇ. ತೋಟದ ಸುತ್ತು ಬೇಕಾದರೆ ಒಂದು ಒಳ್ಳೆಯ ಮಳೆ ಬಿದ್ದ ಮೇಲೆ, ಬೆಲ್ಟ್ ಹಾಕಿ.

ಅದಕ್ಕಿಂತ ಮೋಸದ್ದು ಇಲಿ ಪಾಷಾಣ. ಅಟ್ಟದಲ್ಲಿ, ಪಂಪ್ ಶೆಡ್ಡಿನಲ್ಲಿ, ತೆಂಗಿನ ಬುಡದಲ್ಲಿ ಬಿಸ್ಕತ್ತಿನ ಹಾಗೆ ಕಾಣುವ ತುಂಡುಗಳು. ಮನೆ ಆರು ವರ್ಷ ಖಾಲಿ ಇದ್ದಾಗ ನೋಡಿಕೊಳ್ಳುತ್ತಿದ್ದವರು ಅಲ್ಲಲ್ಲಿ ಇಟ್ಟಿದ್ದು, ಎಷ್ಟು ಇಟ್ಟಿದ್ದರೋ ಅವರಿಗೇ ನೆನಪಿಲ್ಲ. ಬ್ರೊಮಾಡಿಯೊಲೋನ್ ಅನ್ನುವ ಈ ವಿಷದ ಗುಣವೆಂದರೆ ತಿಂದ ದಿನ ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನ ಕಳೆದು ರಕ್ತ ಹೆಪ್ಪುಗಟ್ಟುವುದು ನಿಂತು, ಒಳಗೆ ಸೋರಲು ಶುರುವಾಗುತ್ತದೆ. ವಿಟಮಿನ್ ಕೆ1 ಕೊಟ್ಟರೆ ಉಳಿಸಬಹುದು, ಆದರೆ ತಿಂದದ್ದು ಗೊತ್ತಿದ್ದರೆ ತಾನೇ? ಎರಡು ದಿನ ಕೈಗವಸು ಹಾಕಿಕೊಂಡು ನಾನು, ನಮ್ಮವರು ಮನೆ ಪೂರ್ತಿ ಶೋಧಿಸಿದೆವು. ಹನ್ನೊಂದು ತುಂಡು ಸಿಕ್ಕಿತು. ಹನ್ನೆರಡನೆಯದು ಇಲ್ಲ ಅಂತ ಹೇಗೆ ಹೇಳುವುದು? ಅಟ್ಟದ ಏಣಿ ತೆಗೆಸಿ ಇಟ್ಟಿದ್ದೇವೆ.

ಗುಡ್ಡೆಯ ಕಡೆ ಕಾಡುಹಂದಿಗೆ ಇಡುವ ಉರುಳು ಇನ್ನೊಂದು. ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಆದರೂ ಇಡುವವರು ಇಡುತ್ತಾರೆ. ಆ ಕಡೆಗೆ ನಾಯಿಯನ್ನು ಬಿಟ್ಟು ನಡೆಯುವ ಪ್ರಶ್ನೆಯೇ ಇಲ್ಲ ಅಂತ ಪಕ್ಕದ ಅಣ್ಣ ಕಣ್ಣು ತಪ್ಪಿಸಿ ಹೇಳಿದರು. ನಾನೂ ಹೆಚ್ಚು ಕೇಳಲಿಲ್ಲ.

ಡಾಕ್ಟರ ಲೆಕ್ಕವನ್ನು ಜುಲೈಯಲ್ಲಿ ಮಾಡಿದೆ, ಬೇಕೆಂದೇ ಜೋರು ಮಳೆಯ ರಾತ್ರಿ. ಹತ್ತು ಗಂಟೆಗೆ ಕಾರು ಹತ್ತಿ, ನಿಜವಾಗಿ ನಾಯಿಗೆ ಏನೋ ಆದ ಹಾಗೆ, ಕಾರ್ಕಳದವರೆಗೆ ಹೋಗಿ ಗಡಿಯಾರ ನೋಡಿದೆ: ಮೂವತ್ತೈದು ನಿಮಿಷ. ಹಗಲು ಇಪ್ಪತ್ತಕ್ಕೆ ಮುಗಿಯುತ್ತದೆ. ಅಲ್ಲಿಂದ ಮೂಡುಬಿದಿರೆ, ಗುರುಪುರ ದಾಟಿ ಮಂಗಳೂರು ಇನ್ನೂ ಒಂದೂವರೆ ಗಂಟೆ. ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಆದರೆ ಅವರಿಗೆ ಮುಖ್ಯವಾಗಿ ದನಗಳ ಕೆಲಸ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಚಾರಿ ವಾಹನವನ್ನೂ ಹಳ್ಳಿಯವರು ಹೆಚ್ಚಾಗಿ ಹಸು ಕರು ಹಾಕಲು ಕಷ್ಟಪಟ್ಟಾಗ ಕರೆಸುವುದು. ಹಾಗಾಗಿ ಮೊದಲೇ ಕಾರ್ಕಳ, ಉಡುಪಿ, ಮೂಡುಬಿದಿರೆಯ ನಾಯಿ ಡಾಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ: ರಾತ್ರಿ ಸಿಗುತ್ತೀರಾ, ಹಾವಿನ ವಿಷಕ್ಕೆ ಔಷಧಿ ಇಟ್ಟುಕೊಂಡಿದ್ದೀರಾ? ಎರಡಕ್ಕೂ ಹೌದು ಅಂದವರು ಒಬ್ಬರೇ. ಅವರ ನಂಬರ್ ಫ್ರಿಜ್ಜಿನ ಮೇಲೆ, ಕಾರಿನಲ್ಲಿ, ನಮ್ಮಿಬ್ಬರ ಫೋನಿನಲ್ಲಿ.

ಹಾವಿನ ಬಗ್ಗೆ ಆ ಡಾಕ್ಟರು ಹೇಳಿದ್ದನ್ನೇ ಬರೆಯುತ್ತೇನೆ. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಲ್ಕು ಹಾವುಗಳಿಗೆ: ನಾಗರಹಾವು, ಕಟ್ಟುಹಾವು, ಕನ್ನಡಿ ಹಾವು (ಕೊಳಕುಮಂಡಲ), ಉರಿಮಂಡಲ. ಘಟ್ಟದ ಬುಡದ ಹಸಿರು ಮಂಡಲದ ಹಾವುಗಳಿಗೆ ಅದು ನಾಟುವುದಿಲ್ಲ, ಅದಕ್ಕೆ ಬೇರೆ ಉಪಚಾರ. ಕಚ್ಚಿದರೆ ನಾಯಿಯನ್ನು ನಡೆಸಬಾರದು, ಎತ್ತಿಕೊಂಡು ಹೋಗಬೇಕು. ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಮೆಣಸು ತಿನ್ನಿಸುವುದು ಯಾವುದೂ ಬೇಡ. ಹಾವನ್ನು ಹುಡುಕಿ ಹೊಡೆದು ತರುವುದೂ ಬೇಡ. ಮೂವತ್ತೆರಡು ಕಿಲೋ ಜೂಲಿಯನ್ನು ಎತ್ತಲು ನನ್ನ ಕೈಲಾಗದು. ಅದಕ್ಕೆ ಹಳೆಯ ಬೆಡ್‌ಶೀಟಿನ ನಾಲ್ಕು ಮೂಲೆಗೆ ಗಂಟು ಹಾಕಿ ಇಬ್ಬರು ಹಿಡಿಯುವ ಹಾಗೆ ಮಾಡಿ, ನಮ್ಮವರ ಜೊತೆ ಎರಡು ಸಲ ಅಭ್ಯಾಸ ಮಾಡಿದೆ. ಜೂಲಿಗೆ ಅದು ತೊಟ್ಟಿಲಿನ ಹಾಗೆ ಇಷ್ಟವಾಗಿ, ಇಳಿಸಿದ ಮೇಲೂ ಏಳಲಿಲ್ಲ.

ಜುಲೈಯ ಮಳೆಯಲ್ಲಿ ಅಂಗಳ ಪಾಚಿಗಟ್ಟಿ ಜಾರುತ್ತಿತ್ತು. ಮೊದಲ ದಿನವೇ ಜೂಲಿಯ ಹಿಂಗಾಲು ಎರಡೂ ಕವಲಾಗಿ ಬಿದ್ದಳು. ನಾನು ರಬ್ಬರ್ ಮ್ಯಾಟಿನ ರೇಟು ನೋಡುತ್ತಾ ಕೂತಿದ್ದಾಗ ಕೆಲಸಕ್ಕೆ ಬರುವ ಅಕ್ಕ ಏನೂ ಹೇಳದೆ ತೋಟದಿಂದ ಅಡಿಕೆ ಸೋಗೆ ಎಳೆದು ತಂದು, ಜಗಲಿಯಿಂದ ಗೇಟಿನವರೆಗೆ ಹಾಸಿ ಹೋದರು. ಅಮ್ಮ ಇದ್ದಾಗ ಪ್ರತಿ ಮಳೆಗಾಲಕ್ಕೆ ಇದೇ ಮಾಡುತ್ತಿದ್ದದ್ದು, ನನಗೆ ಹೊಳೆಯಲೇ ಇಲ್ಲ. ಖರ್ಚು ಸೊನ್ನೆ. ಒಳಗಿನ ಕಾವಿ ನೆಲಕ್ಕೆ ಮಾತ್ರ ತೆಂಗಿನ ನಾರಿನ ಚಾಪೆ ಕೊಂಡೆ, ಜಗಲಿಯ ಮೂರು ಮೆಟ್ಟಿಲಿನ ಮೇಲೆ ಮರದ ಇಳಿಜಾರು ಮಾಡಿಸಿದೆ. ಬಾವಿಯ ಕಟ್ಟೆ ಮೊಣಕಾಲೆತ್ತರದ್ದು, ಅದಕ್ಕೆ ಕಬ್ಬಿಣದ ಬಲೆಯ ಮುಚ್ಚಳ. ತೋಡು ತುಂಬಿ ಹರಿಯುವಾಗ ಬೊಳ್ಳುವಿಗೆ ಆ ಕಡೆ ನೋಡುವುದಕ್ಕೂ ಪರವಾನಿಗೆ ಇಲ್ಲ.

ಉಂಬಳಕ್ಕೆ (ಜಿಗಣೆಗೆ) ನಾನು ಹೆದರಿದಷ್ಟು ನಾಯಿಗಳು ಹೆದರಲಿಲ್ಲ. ಕಾಲಿಗೆ ಹತ್ತಿದರೆ ಉಪ್ಪುನೀರು. ಮೂಗಿನೊಳಗೆ ಹೊಕ್ಕರೆ ಡಾಕ್ಟರೇ ತೆಗೆಯಬೇಕು, ಅಷ್ಟರವರೆಗೆ ಬರಲಿಲ್ಲ.

ಹೆದರಬೇಕಾದ್ದು ಉಣ್ಣೆಗೆ, ಅಂದರೆ ರಕ್ತ ಹೀರುವ ಉಣುಗಿಗೆ. ಎರಡು ವರ್ಷದ ಹಿಂದೆ, ಮಂಗಳೂರಿನಲ್ಲಿದ್ದಾಗಲೇ ಬೊಳ್ಳುವಿಗೆ ಉಣ್ಣೆ ಜ್ವರ ಬಂದಿತ್ತು. ಊಟ ಬಿಟ್ಟ, ವಸಡು ಬಿಳಿಚಿತು, ಒಂದು ಬೆಳಿಗ್ಗೆ ಮೂಗಿನಲ್ಲಿ ರಕ್ತ. ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ತಪ್ಪದೆ ಕೊಟ್ಟು ಉಳಿಸಿಕೊಂಡೆವು. ಪೇಟೆಯಲ್ಲೇ ಹೀಗಾದರೆ ದನದ ಹಟ್ಟಿ, ಹುಲ್ಲು, ಕಾಡು ಇರುವಲ್ಲಿ? ಈಗ ತಿಂಗಳಿಗೊಂದು ಅಗಿಯುವ ಮಾತ್ರೆ ಇಬ್ಬರಿಗೂ, ಮಳೆ ಬಿಟ್ಟ ಮೇಲಿನಿಂದ ಬೇಸಗೆ ಮುಗಿಯುವವರೆಗೆ ದಿನಾ ಸಂಜೆ ಕಿವಿ, ಬೆರಳ ಸಂದು, ಬಾಲದ ಬುಡ ಹುಡುಕುವುದು. ಸಿಕ್ಕಿದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು, ಉಗುರಿನಲ್ಲಿ ಹೊಸಕಿ ಕೊಲ್ಲಬಾರದು. ಒಂದು ಮಾತು ಜೋರಾಗಿ: ಹಟ್ಟಿಯಲ್ಲಿ ದನದ ಉಣ್ಣೆಗೆ ಅಂತ ಇಟ್ಟ ಮದ್ದನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹೊಯ್ಯಬೇಡಿ. ಸೀಮೆಎಣ್ಣೆಯಂತೂ ಬೇಡವೇ ಬೇಡ. ನಮಗೆ ಎರಡನ್ನೂ ಪ್ರೀತಿಯಿಂದ ಸಲಹೆ ಕೊಟ್ಟವರಿದ್ದಾರೆ.

ಉಣ್ಣೆಯ ಜೊತೆಗೆ ಮಂಗನ ಕಾಯಿಲೆಯ ಮಾತೂ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಮನುಷ್ಯರಿಗೆ ಬರುವುದು ಉಣ್ಣೆ ಕಚ್ಚಿ. ನಾಯಿಯ ಮೈಮೇಲೆ ಕಾಡಿನ ಉಣ್ಣೆ ಮನೆಯೊಳಗೆ ಬರುವುದು ನನಗೆ ಬೇಡ. ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆ ಅಂತ ಆಶಾ ಕಾರ್ಯಕರ್ತೆ ಹೇಳಿದರೆ ನಮ್ಮ ನಡಿಗೆ ಡಾಮರು ರಸ್ತೆಯಲ್ಲಿ ಮಾತ್ರ, ಮಂಚದ ಕೆಳಗಿನ ಜಾಗವೂ ಬಂದ್.

ಚುಚ್ಚುಮದ್ದುಗಳ ವಿಷಯ ಬೇಗ ಮುಗಿಸುತ್ತೇನೆ. ಇಲಿ ಜ್ವರ ನಮ್ಮ ಎರಡೂ ಜಿಲ್ಲೆಗಳಿಗೆ ಮಳೆಗಾಲದ ನೆಂಟ. ನಾಯಿಗೂ ಬರುತ್ತದೆ, ಅದರ ಲಸಿಕೆಯ ಬಲ ಒಂದು ವರ್ಷಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ. ಅದಕ್ಕೆ ಮೇಯಲ್ಲೇ, ಮಳೆಗೆ ಮೊದಲು. ರೇಬೀಸಿನದ್ದು ನಮ್ಮ ಇಬ್ಬರಿಗೆ ಪ್ರತಿ ವರ್ಷ ಆಗುತ್ತಿತ್ತು, ಆದರೆ ಆಚೀಚೆ ಮನೆಗಳಲ್ಲಿ ಬೇಲಿ ಇಲ್ಲದೆ ತಿರುಗುವ ಆರು ನಾಯಿಗಳಿಗೆ ಒಮ್ಮೆಯೂ ಆಗಿರಲಿಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ ಅಂತ ತಿಳಿದು, ನಮ್ಮ ಕಾರಿನಲ್ಲಿ ಎರಡು ಟ್ರಿಪ್ಪಿನಲ್ಲಿ ಆರನ್ನೂ ಕರೆದುಕೊಂಡು ಹೋದೆವು. ಸೀಟಿನ ಕವರು ಬದಲಿಸಬೇಕಾಯಿತು. ಆದರೆ ಆ ದಿನದಿಂದ ಊರವರು ನನ್ನ ಹತ್ತಿರ ಮಾತಾಡುವ ಧಾಟಿಯೇ ಬೇರೆ. ಹುಂಜದ ಯಜಮಾನರ ನಾಯಿಯೂ ಅದರಲ್ಲಿತ್ತು.

ಇನ್ನು ಸದ್ದು. ಜೂಲಿಗೆ ಪಟಾಕಿ ಅಂದರೆ ಪ್ರಾಣಭಯ. ಫ್ಲ್ಯಾಟಿನಲ್ಲಿ ದೀಪಾವಳಿಯ ಮೂರು ದಿನ ಬಚ್ಚಲಿನಲ್ಲಿ, ನಲ್ಲಿ ಬಿಟ್ಟು, ಫ್ಯಾನ್ ಹಾಕಿ, ನಾನು ಜೊತೆಗೆ ನೆಲದಲ್ಲಿ ಕೂತು ಕಳೆದದ್ದು. ಈ ಸಲ ದೀಪಾವಳಿಗೆ ಬೇಕೆಂದೇ ಊರಿಗೆ ಹೋದೆವು. ಪಟಾಕಿ ಇತ್ತು, ದೂರದಲ್ಲಿ. ಕತ್ತಲಾಗುವಾಗ ಪಕ್ಕದ ಗದ್ದೆಯಲ್ಲಿ ಬಲೀಂದ್ರನಿಗೆ ದೀಪ ಇಟ್ಟು, ಅವಲು ಹಾಕಿ, ಎಲ್ಲರೂ ಸೇರಿ “ಕೂ” ಅಂತ ಉದ್ದಕ್ಕೆ ಕೂಗಿದರು. ಒಳಗಿನ ಕೋಣೆಯಿಂದ ಬೊಳ್ಳು ಅದಕ್ಕಿಂತ ಉದ್ದಕ್ಕೆ ಊಳಿಟ್ಟ. ಗದ್ದೆಯಲ್ಲಿ ಒಂದು ಕ್ಷಣ ಮೌನ, ಆಮೇಲೆ ನಗು. ಎರಡನೆಯ ಸಲ ಕೂಗುವಾಗ ಅವರು ಬೊಳ್ಳುವಿಗೆ ಕಾದರು. ಫೆಬ್ರವರಿಯ ಜಾತ್ರೆಗೆ ಗರ್ನಾಲು ಸಿಡಿಸುತ್ತಾರಂತೆ, ಅದರ ಏರ್ಪಾಟು ಬೇರೆ ಮಾಡಬೇಕು. ಆ ಎರಡು ದಿನ ಮಂಗಳೂರಿನ ಫ್ಲ್ಯಾಟಿಗೇ ಬರುವ ಅಂತ ನಮ್ಮವರು. ಅಂದರೆ ಫ್ಲ್ಯಾಟ್ ಈಗಲೇ ಮಾರುವುದಿಲ್ಲ ಅಂತ ಅರ್ಥ. ಅವರ ಮನಸ್ಸಿನಲ್ಲಿರುವುದು ಬೇರೆ ಏನೋ, ನೆಪಕ್ಕೆ ಜೂಲಿ. ಇರಲಿ, ಅದರ ಬಾಡಿಗೆ, ಬಾಗಿಲಿನ ಲೆಕ್ಕ ಆಮೇಲೆ.

ಡಿಸೆಂಬರ್ ಎರಡನೆಯ ವಾರಕ್ಕೆ ಟೆಂಪೋ ಹೇಳಿಯಾಗಿದೆ. ಸಾಮಾನು ಮೊದಲ ದಿನ, ನಾಯಿಗಳು ಎರಡನೆಯ ದಿನ, ಅವುಗಳ ಹಳೆಯ ಗೋಣಿ, ಹಳೆಯ ತಟ್ಟೆ ಒಗೆಯದೆ ಹಾಗೆಯೇ. ಗ್ರಿಲ್ಲಿನ ಒಂದು ಚಿಲಕ ಇನ್ನೂ ಬಿಗಿ ಇದೆ, ಅದಕ್ಕೆ ಎಣ್ಣೆ ಹಾಕಬೇಕು. ಪಕ್ಕದ ಅಣ್ಣ ಹೊಸ ಮರಿ ತಂದಿದ್ದಾರೆ, ಸೌದೆ ಕೊಟ್ಟಿಗೆಗೆ ಬಾಗಿಲು ಇಡಿಸಲು ನಮ್ಮ ಗ್ರಿಲ್‌ನವನನ್ನು ಕೇಳಿದ್ದರು, ಅವನಿಗೆ ಫೋನ್ ಮಾಡಬೇಕು.

ದೀಪಾವಳಿಯ ಮಾರನೆಯ ಬೆಳಿಗ್ಗೆ ಐದೂವರೆಗೆ ನಾನು ಮೊಳೆಯಿಂದ ಬೆಲ್ಟ್ ತೆಗೆದೆ. ಜೂಲಿ ಎದ್ದಳು, ಚಾವಡಿ ದಾಟಿ ನಡೆದಳು, ತೆಂಗಿನಕಾಯಿ ಕೋಣೆಯ ಕಬ್ಬಿಣದ ಬಾಗಿಲಿಗೆ ಮುಖ ಮಾಡಿ ಕೂತಳು. ಮನೆಯಲ್ಲಿ ಕಬ್ಬಿಣದ ಬಾಗಿಲು ಅದೊಂದೇ. ಕರೆದರೂ ಬರಲಿಲ್ಲ. ಕೊನೆಗೆ ಹೋಗಿ ಬಾಗಿಲು ತೆರೆದೆ. ಒಳಗೆ ಹೋಗಿ ಕಾಯಿ ರಾಶಿಯ ಪಕ್ಕ ಒಂದು ಸುತ್ತು ತಿರುಗಿ, ಬಾಗಿಲ ಕಡೆ ಮುಖ ಮಾಡಿ ನಿಂತಳು, ಕೆಳಗೆ ಮುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ತಾನೇ ಹೊರಗೆ ಬಂದು ಗೇಟಿನ ಕಡೆ ನಡೆದಳು.